ಅಂಚಿನಲ್ಲಿ ನಿಂತವರು: ನೆಗೆಟಿವ್, ಮಸೂರ ಮತ್ತು ನಮ್ಮ ಊರುಗಳ ಚರಿತ್ರೆ

ಕೊಳ್ಳೇಗಾಲದ ನಮ್ಮ ಹಳೆಯ ಮನೆಯಲ್ಲಿ ಒಂದು ಫೋಟೋ ಇತ್ತು. ಗೋಡೆಗೆ ಚಿತ್ರ ತೂಗುಹಾಕುವುದನ್ನು ದಾದಿ ಒಪ್ಪುತ್ತಿರಲಿಲ್ಲ. ಆದ್ದರಿಂದ ಅದು ಬೀರುವಿನಲ್ಲಿ, ಮಡಿಚಿಟ್ಟ ಬಟ್ಟೆಗಳ ಅಡಿಯಲ್ಲಿ ಇರುತ್ತಿತ್ತು. 1971ರ ಬಕ್ರೀದ್ ದಿನ ಹಿತ್ತಲಲ್ಲಿ ತೆಗೆಸಿದ ಫೋಟೋ. ಯಳಂದೂರಿನಿಂದ ಫುಫು ಬಂದಿದ್ದರು, ಹನೂರಿನಿಂದ ಅಬ್ಬಾನ ಸೋದರಮಾವ ಬಂದಿದ್ದರು. ಎಲ್ಲರೂ ಹೊಸ ಬಟ್ಟೆ ತೊಟ್ಟು ಸಾಲಾಗಿ ನಿಂತಿದ್ದಾರೆ. ನಡುವೆ ನಿಂತವರ ಅಂಗಿಯ ಗುಂಡಿಗಳನ್ನೂ ಎಣಿಸಬಹುದು. ಬಲತುದಿಗೆ ಬಂದರೆ ಮಾತ್ರ ಬಿಳಿಯ ಮಂಜು ಕವಿದಂತಿದೆ. ಆ ಮಂಜಿನಲ್ಲಿ ಒಂದು ಭುಜವಿದೆ, ಟೋಪಿಯ ಅಂಚಿದೆ, ಮುಖವಿಲ್ಲ. ದಾದಿ ಅಲ್ಲಿ ಬೆರಳಿಟ್ಟು "ಇವರೇ ನಿನ್ನ ದಾದಾ" ಎನ್ನುತ್ತಿದ್ದರು.

ರೇಷ್ಮೆಗೂಡು ಕೊಳ್ಳಲು ಹನೂರು ಕಡೆಯ ಹಳ್ಳಿಗಳನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿ ಬರುತ್ತಿದ್ದ ದಾದಾ 1984ರಲ್ಲಿ ತೀರಿಕೊಂಡರು. ಅವರು ಜೀವನದಲ್ಲಿ ತೆಗೆಸಿಕೊಂಡದ್ದು ಅದೊಂದೇ ಫೋಟೋ. ಮೂಲದ ಪ್ರತಿ ಅಂಗೈಗಿಂತ ಚಿಕ್ಕದಾಗಿತ್ತಂತೆ. ಒಂದು ಮಳೆಗಾಲದಲ್ಲಿ ಮಾಡು ಸೋರಿ ಅದು ಹಾಳಾಯಿತು. 1986ರಲ್ಲಿ ಅಬ್ಬಾ ಸ್ಟುಡಿಯೋಗೆ ಹೋಗಿ, ನೆಗೆಟಿವ್ ಹುಡುಕಿಸಿ, ದೊಡ್ಡದು ಮಾಡಿಸಿ ತಂದರು. ಬಲತುದಿಯ ಬಿಳುಪನ್ನು ಕಂಡು ಕೇಳಿದ್ದಕ್ಕೆ ಸ್ಟುಡಿಯೋದವರು "ನೆಗೆಟಿವ್ ಹಳೇದು, ಅಂಚು ಕೆಟ್ಟಿದೆ" ಎಂದರಂತೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾವು ಅದನ್ನೇ ನಂಬಿದ್ದೆವು.

ನೆಗೆಟಿವ್ ಕೆಟ್ಟಿರಲಿಲ್ಲ. ಅದನ್ನು ದೊಡ್ಡದು ಮಾಡಿದ ಯಂತ್ರಕ್ಕೆ ಹಾಕಿದ್ದ ಮಸೂರದ ಅಳತೆ ತಪ್ಪಾಗಿತ್ತು. ಈ ತಪ್ಪು ಏಕೆ ಆಯಿತೆಂದು ಹುಡುಕುತ್ತಾ ಹೋದಾಗ ನಮ್ಮಂಥ ಸಣ್ಣ ಊರುಗಳ ಫೋಟೋ ಚರಿತ್ರೆಯೇ ತೆರೆದುಕೊಂಡಿತು. ಅದನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಚನ್ನಂಗಿ ಬೇಳೆ ಮತ್ತು ಕತ್ತಲೆಕೋಣೆ

ಉರ್ದು ಶಾಲೆಯಲ್ಲಿ ಲೆನ್ಸಿಗೆ 'ಅದಸಾ' ಎಂದು ಕಲಿತೆ. ಮುಂದೆ ಕನ್ನಡ ಮಾಧ್ಯಮಕ್ಕೆ ಬಂದಾಗ ವಿಜ್ಞಾನದ ಮೇಷ್ಟ್ರು 'ಮಸೂರ' ಎಂದರು. ಎರಡೂ ಒಂದೇ ಕಾಳಿನ ಹೆಸರು ಎಂದು ತಿಳಿಯಲು ಬಹಳ ವರ್ಷ ಬೇಕಾಯಿತು. ಅರಬಿಯ 'ಅದಸ್' ಎಂದರೆ ನಾವು ಚನ್ನಂಗಿ ಬೇಳೆ ಎನ್ನುವ ಮಸೂರವೇ. ಲ್ಯಾಟಿನ್ ಭಾಷೆಯಲ್ಲಿ 'ಲೆನ್ಸ್' ಎಂಬ ಪದಕ್ಕೂ ಅದೇ ಅರ್ಥ. ನಡುವೆ ಉಬ್ಬಿ ಅಂಚಿಗೆ ತೆಳುವಾಗುವ ಗಾಜಿಗೆ ಮೂರೂ ಕಡೆಯ ಜನ ಅಡುಗೆಮನೆಯ ಕಾಳಿನ ಹೆಸರನ್ನೇ ಇಟ್ಟರು.

ಬೆಳಕಿನ ಶಾಸ್ತ್ರದ ಮಾತು ಬಂದಾಗ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ (965–1040) ಅವರನ್ನು ನೆನೆಯಲೇಬೇಕು. ಅವರ 'ಕಿತಾಬುಲ್ ಮನಾಝಿರ್' ಲ್ಯಾಟಿನ್‌ಗೆ ಅನುವಾದಗೊಂಡು ಯುರೋಪಿನ ಪಂಡಿತರ ಕೈಗೆ ಸೇರಿತು, 1572ರಲ್ಲಿ ಮುದ್ರಣವನ್ನೂ ಕಂಡಿತು. ಸೂರ್ಯಗ್ರಹಣದ ಬಿಂಬವನ್ನು ಸಣ್ಣ ರಂಧ್ರದ ಮೂಲಕ ಬೀಳಿಸಿ, ರಂಧ್ರ ಹಿಗ್ಗಿದಂತೆ ಬಿಂಬದ ಆಕಾರ ಕೆಡುವುದನ್ನು ಅವರು ಲೆಕ್ಕ ಹಾಕಿ ತೋರಿಸಿದರು. ಬೆಳಕು ಹಾದುಬರುವ ಬಾಗಿಲಿಗೂ ಅದು ಮೂಡಿಸುವ ಚಿತ್ರಕ್ಕೂ ಅಳತೆಯ ನಂಟಿದೆ ಎಂಬ ಈ ಅರಿವು ಮುಂದೆ ಕ್ಯಾಮೆರಾಕ್ಕೂ ಎನ್‌ಲಾರ್ಜರ್‌ಗೂ ಬೇಕಾಯಿತು.

ಎನ್‌ಲಾರ್ಜರ್ ನೋಡದ ಇಂದಿನ ಮಕ್ಕಳಿಗಾಗಿ ಒಂದೆರಡು ಮಾತು. ಅದು ತಲೆಕೆಳಗು ಮಾಡಿದ ಕ್ಯಾಮೆರಾದಂತೆ. ಮೇಲೆ ಬಲ್ಬು, ಅದರ ಕೆಳಗೆ ಬೆಳಕನ್ನು ಒಟ್ಟುಗೂಡಿಸುವ ಕಂಡೆನ್ಸರ್ ಗಾಜು, ಆಮೇಲೆ ನೆಗೆಟಿವ್, ಅದರಡಿಯಲ್ಲಿ ಮಸೂರ. ತಳದ ಹಲಗೆಯ ಮೇಲೆ ಬ್ರೋಮೈಡ್ ಕಾಗದ. ಬಲ್ಬು ಉರಿದಾಗ ನೆಗೆಟಿವ್‌ನ ಬಿಂಬ ದೊಡ್ಡದಾಗಿ ಕಾಗದದ ಮೇಲೆ ಬೀಳುತ್ತದೆ. ಕೆಂಪು ದೀಪದ ಮಂದ ಬೆಳಕಿನಲ್ಲಿ ಆ ಕಾಗದವನ್ನು ಡೆವಲಪರ್ ಟ್ರೇಯಲ್ಲಿ ಅಲುಗಾಡಿಸಿದರೆ ಮುಖಗಳು ಮೂಡಿ ಬರುತ್ತವೆ. ಆಮೇಲೆ ಹೈಪೋ, ಆಮೇಲೆ ನೀರು.

ಗಾಜಿನ ಪ್ಲೇಟಿನ ಕಾಲ

ಆದರೆ ನಮ್ಮ ನಾಡಿನ ಮೊದಲ ಫೋಟೋಗ್ರಾಫರುಗಳಿಗೆ ಎನ್‌ಲಾರ್ಜರಿನ ನೆರವಿರಲಿಲ್ಲ. 1854ರ ಕೊನೆಯಲ್ಲಿ ಮದರಾಸು ಸೇನೆಯ ಲಿನಿಯಸ್ ಟ್ರೈಪ್ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳಿಗೆ ಬಂದು ಚಿತ್ರ ತೆಗೆದ. ಅವನದು ಒಂದು ಅಡಿಗೂ ಮೀರಿದ ಅಳತೆಯ ಕಾಗದದ ನೆಗೆಟಿವ್. ಚಿತ್ರ ಎಷ್ಟು ದೊಡ್ಡದು ಬೇಕೋ ಕ್ಯಾಮೆರಾವೂ ಅಷ್ಟೇ ದೊಡ್ಡದಿರಬೇಕಿತ್ತು. ನೆಗೆಟಿವನ್ನು ಕಾಗದಕ್ಕೆ ಒತ್ತಿ ಬಿಸಿಲಿಗಿಟ್ಟರೆ ಅದೇ ಅಳತೆಯ ಪ್ರತಿ ಬರುತ್ತಿತ್ತು. ಇದಕ್ಕೆ ಕಾಂಟ್ಯಾಕ್ಟ್ ಪ್ರಿಂಟ್ ಎಂದು ಹೆಸರು. ಸೂರ್ಯನ ಬೆಳಕನ್ನು ಕನ್ನಡಿಯಿಂದ ತಿರುಗಿಸಿ ಚಿತ್ರ ಹಿಗ್ಗಿಸುವ ಯಂತ್ರಗಳು 1850ರ ದಶಕದ ಕೊನೆಗೆ ಪಶ್ಚಿಮದಲ್ಲಿ ಬಂದರೂ ಅವು ಸಣ್ಣ ಊರಿನ ಮಾತಾಗಿರಲಿಲ್ಲ.

ಎನ್‌ಲಾರ್ಜರ್ ಮನೆಮನೆಯ ಸ್ಟುಡಿಯೋಗೆ ಬರಲು ವಿದ್ಯುತ್ ಬೇಕಿತ್ತು. ಇಲ್ಲೊಂದು ವಿಚಿತ್ರವಿದೆ. ಶಿವನಸಮುದ್ರದ ವಿದ್ಯುತ್ ಕೇಂದ್ರ ಶುರುವಾದದ್ದು 1902ರಲ್ಲಿ. ಕಾವೇರಿಯ ಆ ದಡ ಮೈಸೂರು ಸಂಸ್ಥಾನ, ಈ ದಡದ ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆ. ನಮ್ಮ ಕಣ್ಣೆದುರಿಗೇ ಹುಟ್ಟಿದ ಆ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಉರಿಯಿತು. ಪಕ್ಕದ ಯಳಂದೂರಿನ ಕಥೆಯೇ ಬೇರೆ. ಅದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಊರು, ಮೈಸೂರಿಗೆ ಸೇರಿದ್ದು. ಹೀಗೆ ಬಂಧುಬಳಗ ಒಂದೇ ಆದರೂ ಕೊಳ್ಳೇಗಾಲ, ಹನೂರು ಒಂದು ಸರಕಾರದಲ್ಲಿ, ಯಳಂದೂರು ಇನ್ನೊಂದರಲ್ಲಿ ಇದ್ದವು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಎಲ್ಲವೂ ಚಾಮರಾಜನಗರ ಜಿಲ್ಲೆಯೊಳಗೆ ಸೇರಿದವು. ಹನೂರು ಬೇರೆ ತಾಲ್ಲೂಕಾದದ್ದು ತೀರ ಈಚೆಗೆ.

ಆ ಕಾಲದ ದಕ್ಷಿಣದ ಸ್ಟುಡಿಯೋಗಳಲ್ಲಿ ಇದ್ದದ್ದು ಮರದ ಫೀಲ್ಡ್ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಕರಿಯ ಬಟ್ಟೆ. ಕೇರಳದ ಆಲಪ್ಪುಳದಲ್ಲಿ ತೇಗದ ಮರದಿಂದ ತಯಾರಾಗುತ್ತಿದ್ದ ವಾಗೀಶ್ವರಿ ಕ್ಯಾಮೆರಾ 1940ರ ದಶಕದಿಂದ ಮುಂದೆ ಬಹಳ ಹೆಸರಾಗಿತ್ತು. ಅದರಲ್ಲಿ ಹಾಫ್ ಪ್ಲೇಟ್, ಅಂದರೆ ಸುಮಾರು ನಾಲ್ಕೂಮುಕ್ಕಾಲು ಇಂಚಿಗೆ ಆರೂವರೆ ಇಂಚಿನ ನೆಗೆಟಿವ್. ಅದರ ಕಾಂಟ್ಯಾಕ್ಟ್ ಪ್ರಿಂಟನ್ನೇ ಕಟ್ಟು ಹಾಕಿಸಬಹುದಿತ್ತು. ದೊಡ್ಡ ನೆಗೆಟಿವ್ ಆದ್ದರಿಂದ ಸೀಸದ ಕಡ್ಡಿ ಹಿಡಿದು ಮುಖದ ಸಿಡುಬಿನ ಕಲೆ ಮುಚ್ಚುವ 'ಟಚಿಂಗ್' ಕೆಲಸವನ್ನೂ ಅದರ ಮೇಲೆಯೇ ಮಾಡುತ್ತಿದ್ದರು. ಮುಖ್ಯವಾದ ಮಾತೆಂದರೆ, ಕಾಂಟ್ಯಾಕ್ಟ್ ಪ್ರಿಂಟಿನಲ್ಲಿ ನಡುವೆ ನಿಂತವನಿಗೂ ಅಂಚಿನಲ್ಲಿ ನಿಂತವನಿಗೂ ಭೇದವಿಲ್ಲ. ನೆಗೆಟಿವ್‌ನಲ್ಲಿ ಇದ್ದವರೆಲ್ಲ ಕಾಗದಕ್ಕೆ ಬರುತ್ತಾರೆ.

ಕರ್ಣದ ಲೆಕ್ಕ

ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ 120 ಅಳತೆಯ ರೋಲು ನಮ್ಮ ಕಡೆಗೂ ಬಂತು. ಕೊಡಕ್ ಕಂಪನಿ 1901ರಲ್ಲೇ ಹೊರತಂದ ಫಿಲ್ಮು ಅದು. ರೋಲೈಫ್ಲೆಕ್ಸ್, ಯಾಶಿಕಾ ಮುಂತಾದ ಎರಡು ಕಣ್ಣಿನ ಕ್ಯಾಮೆರಾಗಳು, ಮನೆಬಳಕೆಗೆ ಇಲ್ಲೇ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3, ಎಲ್ಲವೂ ಇದೇ ರೋಲನ್ನು ಬಳಸುತ್ತಿದ್ದವು. ಒಂದು ರೋಲಿಗೆ ಹನ್ನೆರಡು ಚೌಕ ಚಿತ್ರ. ಹೇಳುವಾಗ ಆರಕ್ಕೆ ಆರು ಸೆಂಟಿಮೀಟರ್, ನಿಜದ ಅಳತೆ 56 ಮಿಲಿಮೀಟರಿಗೆ 56. ನಮ್ಮ ಬಕ್ರೀದ್ ಫೋಟೋ ತೆಗೆದದ್ದು ಇದರಲ್ಲೇ. ಇಷ್ಟು ಚಿಕ್ಕದರ ಕಾಂಟ್ಯಾಕ್ಟ್ ಪ್ರಿಂಟು ಅಂಗೈಯಲ್ಲಿ ಮುಚ್ಚಿಹೋಗುತ್ತದೆ. ಆದ್ದರಿಂದ ದೊಡ್ಡದು ಮಾಡುವ ಯಂತ್ರ ಬೇಕಾಯಿತು, ಅದಕ್ಕೊಂದು ಮಸೂರವೂ ಬೇಕಾಯಿತು.

ಮಸೂರದ ಆಯ್ಕೆಗೆ ಇರುವ ಸೂತ್ರ ಬಹಳ ಸರಳ. ನೆಗೆಟಿವ್‌ನ ಒಂದು ಮೂಲೆಯಿಂದ ಎದುರು ಮೂಲೆಗೆ ಗೆರೆ ಎಳೆಯಿರಿ. ಆ ಕರ್ಣ ಎಷ್ಟು ಉದ್ದವೋ ಮಸೂರದ ಸಂಗಮದೂರವೂ ಹೆಚ್ಚುಕಡಿಮೆ ಅಷ್ಟಿರಬೇಕು, ಕೊಂಚ ಹೆಚ್ಚಾದರೂ ಸರಿ, ಕಡಿಮೆಯಾಗಬಾರದು. 35 ಎಂಎಂ ಫಿಲ್ಮಿನ ಚಿತ್ರ 24ಕ್ಕೆ 36 ಮಿಲಿಮೀಟರ್, ಕರ್ಣ 43. ಅದಕ್ಕೆ 50ರ ಮಸೂರ. ಆರಕ್ಕೆ ಆರರ ಚೌಕದ ಕರ್ಣ 79. ಅದಕ್ಕೆ 75 ಅಥವಾ 80ರದು. ಅದೇ 120 ರೋಲಿನಲ್ಲಿ ಆರಕ್ಕೆ ಒಂಬತ್ತು ತೆಗೆದರೆ ಕರ್ಣ ಸುಮಾರು 100, ಮಸೂರ 105. ಕ್ವಾರ್ಟರ್ ಪ್ಲೇಟಿಗೆ 135, ಹಾಫ್ ಪ್ಲೇಟಿಗೆ 210. ಹಾಫ್ ಪ್ಲೇಟನ್ನು ಹಿಗ್ಗಿಸುವ ಯಂತ್ರಕ್ಕೆ ಒಂದು ಕೋಣೆಯೇ ಬೇಕು.

ಸೂತ್ರ ಮೀರಿದರೆ ಏನಾಗುತ್ತದೆ? ಸಣ್ಣ ನೆಗೆಟಿವ್‌ಗೆ ಉದ್ದದ ಮಸೂರ ಹಾಕಿದರೆ ದೊಡ್ಡ ಅಪಾಯವಿಲ್ಲ. 35 ಎಂಎಂ ಚಿತ್ರವನ್ನು ಎಂಟು ಪಟ್ಟು ಹಿಗ್ಗಿಸಲು 50ರ ಮಸೂರಕ್ಕೆ ಕಾಗದದಿಂದ 45 ಸೆಂಟಿಮೀಟರ್ ಎತ್ತರ ಸಾಕು, 80ರದಕ್ಕೆ 72 ಬೇಕು. ಯಂತ್ರದ ಕಂಬ ಗಿಡ್ಡವಾಗಿದ್ದರೆ ಚಿತ್ರ ಬೇಕಾದಷ್ಟು ದೊಡ್ಡದಾಗುವುದಿಲ್ಲ, ಅಷ್ಟೇ. ಆದರೆ ದೊಡ್ಡ ನೆಗೆಟಿವ್‌ಗೆ ಗಿಡ್ಡ ಮಸೂರ ಹಾಕಿದರೆ ಕೆಲಸ ಕೆಡುತ್ತದೆ. ಆ ಮಸೂರ ಬೆಳಕಿನ ಒಂದು ಸಣ್ಣ ವೃತ್ತವನ್ನಷ್ಟೇ ಬೀಳಿಸಬಲ್ಲದು. ನಡುವಿನ ಭಾಗ ಚೊಕ್ಕವಾಗಿ ಬರುತ್ತದೆ. ಅಂಚಿಗೂ ಮೂಲೆಗೂ ಬೆಳಕು ತಲುಪುವುದಿಲ್ಲ. ಇನ್ನೊಂದು ಮಾತನ್ನು ಇಲ್ಲಿ ಮರೆಯಬಾರದು. ಕತ್ತಲೆಕೋಣೆಯಲ್ಲಿ ಎಲ್ಲವೂ ತಿರುಗುಮುರುಗು. ಬೆಳಕು ಬಿದ್ದ ಕಾಗದ ಕಪ್ಪಾಗುತ್ತದೆ, ಬೀಳದ್ದು ಬಿಳಿಯಾಗಿಯೇ ಉಳಿಯುತ್ತದೆ. ಹಾಗಾಗಿ ಅಂಚಿನಲ್ಲಿ ನಿಂತವರು ಕತ್ತಲಲ್ಲಿ ಮುಳುಗುವುದಿಲ್ಲ, ಬಿಳುಪಿನಲ್ಲಿ ಕರಗಿಹೋಗುತ್ತಾರೆ. ನಮ್ಮ ದಾದಾ ಕರಗಿದ್ದು ಹೀಗೆಯೇ. ಎಡತುದಿಯೂ ಹೀಗೆಯೇ ಬೆಳ್ಳಗಾಗಿತ್ತು. ಅಲ್ಲಿ ಇದ್ದದ್ದು ಬೇವಿನ ಮರವಾದ್ದರಿಂದ ಯಾರೂ ಗಮನಿಸಿರಲಿಲ್ಲ.

ಅಳತೆ ಸರಿಯಾದ ಮೇಲೂ ಗುಣದ ಮಾತು ಉಳಿಯುತ್ತದೆ. ಮೂರು ಗಾಜಿನ ಅಗ್ಗದ ಮಸೂರ ಸಣ್ಣ ಪ್ರಿಂಟಿಗೆ ಸಾಕು. ದೊಡ್ಡ ಪ್ರಿಂಟಿನಲ್ಲಿ ಅದರ ಅಂಚು ಮಸುಕಾಗುತ್ತದೆ. ಜರ್ಮನಿಯ ಶ್ನೈಡರ್ ಕಾಂಪೊನಾನ್, ರೋಡೆನ್‌ಸ್ಟಾಕ್ ರೋಡಗಾನ್, ಜಪಾನಿನ ಎಲ್-ನಿಕ್ಕೋರ್ ಇವು ಹೆಸರಾದವು. ಯಾವುದನ್ನೇ ಆಗಲಿ ಪೂರ್ತಿ ತೆರೆದಿಟ್ಟು ಮುದ್ರಿಸಬಾರದು. ಫೋಕಸ್ ಕೂಡಿಸುವಾಗ ತೆರೆದಿಟ್ಟು, ಮುದ್ರಿಸುವಾಗ ಎರಡು ಮೆಟ್ಟಿಲು ಮುಚ್ಚಬೇಕು. 4 ಇದ್ದದ್ದನ್ನು 8ಕ್ಕೆ ತಂದರೆ ಅಂಚು ಗಟ್ಟಿಯಾಗುತ್ತದೆ. ಆಸೆಗೆ ಬಿದ್ದು ಇನ್ನೂ ಮುಚ್ಚಿದರೆ ಚಿತ್ರವಿಡೀ ಮಸುಕಾಗುತ್ತದೆ. ಕೆಲವರು ಕ್ಯಾಮೆರಾದ ಮಸೂರವನ್ನೇ ಕಳಚಿ ಎನ್‌ಲಾರ್ಜರ್‌ಗೆ ಹಾಕುತ್ತಿದ್ದರು. ಅದು ದೂರದ ನೋಟಕ್ಕಾಗಿ ರೂಪುಗೊಂಡದ್ದು. ಎನ್‌ಲಾರ್ಜರಿನ ಮಸೂರದ ಕೆಲಸ ಹತ್ತಿರದ ಸಪಾಟಾದ ಒಂದು ತುಣುಕನ್ನು ಸಪಾಟಾಗಿಯೇ ಕಾಗದಕ್ಕೆ ಇಳಿಸುವುದು.

ಐವತ್ತರ ಮಸೂರ ಬಂದ ಮೇಲೆ

ಸೂತ್ರ ಇಷ್ಟು ಸುಲಭವಿದ್ದರೂ ತಪ್ಪು ಏಕಾಯಿತು? ಕಾರಣ ದುಡ್ಡು. 1925ರಲ್ಲಿ ಜರ್ಮನಿಯ ಲೈಕಾ ಕ್ಯಾಮೆರಾದಿಂದ ಜನಪ್ರಿಯವಾದ 35 ಎಂಎಂ ಫಿಲ್ಮು ನಮ್ಮ ಸಣ್ಣ ಊರುಗಳ ಸ್ಟುಡಿಯೋಗಳನ್ನು ಪೂರ್ತಿ ಆವರಿಸಲು ಅರ್ಧ ಶತಮಾನ ಹಿಡಿಯಿತು. ಒಂದು ರೋಲಿಗೆ 36 ಚಿತ್ರ ಎಂದ ಮೇಲೆ 12ರ ರೋಲು ಯಾರಿಗೆ ಬೇಕು? ಗುಂಡ್ಲುಪೇಟೆ, ಬಂಡೀಪುರ ದಾಟಿದರೆ ಸಿಗುವ ಊಟಿಯಲ್ಲಿ ಸರಕಾರದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಇತ್ತು. 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಶುರುಮಾಡಿದ ಅದು 'ಇಂದು' ಹೆಸರಿನಲ್ಲಿ ಫಿಲ್ಮು, ಕಾಗದ ಎರಡನ್ನೂ ಕೊಡುತ್ತಿತ್ತು. ಈಗ ಅದು ಮುಚ್ಚಿಹೋಗಿದೆ. ಫಿಲ್ಮು ನಮ್ಮಲ್ಲೇ ತಯಾರಾದರೂ ಒಳ್ಳೆಯ ಮಸೂರ ಹೊರದೇಶದಿಂದಲೇ ಬರಬೇಕಿತ್ತು. ಆಮದಿಗೆ ಕಟ್ಟುಪಾಡು, ಸುಂಕ. ಸಣ್ಣ ಊರಿನ ಸ್ಟುಡಿಯೋದವನು ಒಂದೇ ಮಸೂರ ಇಟ್ಟುಕೊಳ್ಳಲು ಸಾಧ್ಯವಿದ್ದಾಗ, ದಿನದ ಗಿರಾಕಿಗೆ ಬೇಕಾದ 50ರದನ್ನೇ ಇಟ್ಟುಕೊಂಡ. 80ರದನ್ನು ಮಾರಿದ. ಮಾರದೆ ಇಟ್ಟವರಲ್ಲಿ ಅದು ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದು ಹಾಳಾಯಿತು.

ದಿನದ ಗಿರಾಕಿ ಎಂದರೆ ಪಾಸ್‌ಪೋರ್ಟ್ ಸೈಜು. ಬಸ್ ಪಾಸು, ಎಸ್ಸೆಸ್ಸೆಲ್ಸಿ ಅರ್ಜಿ, ಬ್ಯಾಂಕಿನ ಪುಸ್ತಕ. 1993ರಲ್ಲಿ ಟಿ.ಎನ್. ಶೇಷನ್ ಅವರ ಕಾಲದಲ್ಲಿ ಮತದಾರರಿಗೂ ಭಾವಚಿತ್ರದ ಗುರುತಿನ ಚೀಟಿ ಬಂತು. ಪ್ರಜೆ ಎನ್ನಿಸಿಕೊಳ್ಳಲು ಮುಖ ಬೇಕಾಯಿತು. ಒಂಟಿ ಮುಖ ಯಾವಾಗಲೂ ಚಿತ್ರದ ನಡುವೆಯೇ ಇರುತ್ತದೆ. ಅದಕ್ಕೆ 50ರ ಮಸೂರ ಧಾರಾಳ ಸಾಕು. ಹಳೆಯ ಚೌಕ ನೆಗೆಟಿವ್ ಹಿಡಿದು, ತೀರಿಕೊಂಡ ತಂದೆಯ ಮುಖ ಹುಡುಕಿಕೊಂಡು ಬರುವವರು ವರ್ಷಕ್ಕೆ ಎಷ್ಟು ಜನ? ಹೀಗೆ ಹೊಸ ಅಳತೆಯ ಮಸೂರ ಹಳೆಯ ಅಳತೆಯ ಜನರನ್ನು ಅಂಚಿನಿಂದ ಅಳಿಸತೊಡಗಿತು. ಸ್ಟುಡಿಯೋದವರನ್ನು ನಾನು ದೂರಲಾರೆ. ಮಸೂರ ಇಲ್ಲ ಎಂದು ಅಬ್ಬಾನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಫೋಟೋ ಬೇಡವೆಂದವರು

ನಮ್ಮ ಸಮುದಾಯದಲ್ಲಿ ಈ ನಷ್ಟಕ್ಕೆ ಇನ್ನೊಂದು ಭಾರವೂ ಇದೆ. ಫೋಟೋ ತೆಗೆಸುವುದು ಸರಿಯೇ ತಪ್ಪೇ ಎಂಬ ಚರ್ಚೆ ಕ್ಯಾಮೆರಾದ ಜೊತೆಗೇ ಬಂತು. ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಬಖೀತ್ ಅಲ್ ಮುತೀಈ (1854–1935) ಫೋಟೋ ಎಂದರೆ ಸೃಷ್ಟಿಯಲ್ಲ, ಇರುವ ನೆರಳನ್ನು ಹಿಡಿದಿಡುವುದು ಮಾತ್ರ ಎಂದು ವಾದಿಸಿ ಅದಕ್ಕೆ ಅನುಮತಿ ಕೊಟ್ಟರು. ನಮ್ಮ ಉಪಖಂಡದ ಅನೇಕ ಉಲೇಮಾಗಳು ಅದನ್ನು ಒಪ್ಪಲಿಲ್ಲ. ಹಜ್‌ಗೆ ಹೊರಟವರು ಪಾಸ್‌ಪೋರ್ಟಿಗಾಗಿ ಕ್ಯಾಮೆರಾದ ಮುಂದೆ ಕುಳಿತರು. ಉಳಿದವರಲ್ಲಿ ಹಲವರು ಹಬ್ಬಕ್ಕೊಮ್ಮೆ, ಮಕ್ಕಳ ಒತ್ತಾಯಕ್ಕೊಮ್ಮೆ, ಹಿಂಜರಿಯುತ್ತಲೇ ಸಾಲಿನ ತುದಿಗೆ ಬಂದು ನಿಂತರು.

ದಾದಾ ತುದಿಯಲ್ಲಿ ನಿಂತದ್ದೂ ಹಾಗೆಯೇ ಇರಬೇಕು. ಯಾವ ಗುಂಪು ಫೋಟೋ ನೋಡಿದರೂ ತುದಿಯಲ್ಲಿ ಯಾರು ನಿಲ್ಲುತ್ತಾರೆ ಗಮನಿಸಿ. ನಡುವೆ ಕುರ್ಚಿಯಲ್ಲಿ ಹೆಡ್‌ಮಾಸ್ತರು, ಊರ ಯಜಮಾನರು, ಮದುಮಕ್ಕಳು. ತುದಿಯಲ್ಲಿ ಶಾಲೆಯ ಜವಾನ, ಮನೆಗೆಲಸದಾಕೆ, ಬಡ ನೆಂಟ, ಸಂಕೋಚದ ಮುದುಕ. ಬೇರೆ ಯಾವ ದಾಖಲೆಯಲ್ಲೂ ಸಿಗದವರು ಇವರೇ.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅಂಥವರು ಸಾಮಾನ್ಯ ಜನರ ಬದುಕಿಗೆ ಕ್ಯಾಮೆರಾ ಹಿಡಿದು ದೇಶದ ಗೌರವ ಗಳಿಸಿದರು. ಅವರ ಚಿತ್ರಗಳು ಪುಸ್ತಕಗಳಾಗಿ ಉಳಿದವು. ಸಣ್ಣ ಊರಿನ ಸ್ಟುಡಿಯೋದವನ ಚಿತ್ರಗಳಿಗೆ ಉಳಿದದ್ದು ಅಟ್ಟದ ಮೇಲಿನ ಪೆಟ್ಟಿಗೆ.

ಪೆಟ್ಟಿಗೆಯೊಳಗಿನ ಊರು

2018ರಲ್ಲಿ ಅಂಥದೊಂದು ಪೆಟ್ಟಿಗೆಯನ್ನು ನಾನು ಕಂಡೆ. ನಮ್ಮ ಫೋಟೋ ತೆಗೆದ ಸ್ಟುಡಿಯೋ ಮುಚ್ಚಿ ಬಹಳ ಕಾಲವಾಗಿತ್ತು. ದೊಡ್ಡ ಊರುಗಳ ಕಲರ್ ಲ್ಯಾಬು ಕತ್ತಲೆಕೋಣೆಯನ್ನು ಮುಚ್ಚಿಸಿತು, ಮೊಬೈಲು ಅಂಗಡಿಯನ್ನೇ ಮುಚ್ಚಿಸಿತು. ಯಜಮಾನರ ಮಗ ಅಟ್ಟದಿಂದ ಮರದ ಪೆಟ್ಟಿಗೆ ಇಳಿಸಿ ಕೊಟ್ಟರು. "ಬೆಳ್ಳಿ ಸಿಗುತ್ತೆ ಅಂತ ಹಳೇ ನೆಗೆಟಿವ್ ಕೇಳ್ಕೊಂಡು ಬರೋರು ಇದ್ರು ಸಾಹೇಬ್ರೇ. ಅಪ್ಪ ಇದೊಂದು ಪೆಟ್ಟಿಗೆ ಕೊಡಲಿಲ್ಲ" ಎಂದರು.

ಅದರಲ್ಲಿ ಊರೇ ಇತ್ತು. ಮಾದಪ್ಪನ ಬೆಟ್ಟಕ್ಕೆ ಹೊರಟು ಹನೂರಿನಲ್ಲಿ ತಂಗಿದ ಪರಸೆಯವರು, ಯಳಂದೂರಿನ ಬಳೆ ಮಂಟಪದ ಮುಂದೆ ಸಾಲಾಗಿ ಕುಳಿತ ಶಾಲೆಯ ಮಕ್ಕಳು, ಶಿವನಸಮುದ್ರದ ಮರ್ದಾನೆ ಗೈಬ್ ದರ್ಗಾಕ್ಕೆ ಬಂದ ಎಲ್ಲ ಜಾತಿಯ ಕುಟುಂಬಗಳು, ಮಗ್ಗದ ಪಕ್ಕ ನಿಂತ ನೇಕಾರರು. ಕೆಲವು ಲಕೋಟೆಗಳ ಮೇಲೆ ಇಸವಿ ಇತ್ತು, ಕೆಲವಕ್ಕೆ ಸಂಖ್ಯೆ ಮಾತ್ರ. ಅಬ್ಬಾ ಜೋಪಾನ ಮಾಡಿದ್ದ ಪ್ರಿಂಟಿನ ಹಿಂದೆ ಸೀಸದ ಕಡ್ಡಿಯಲ್ಲಿ ಬರೆದ ಸಂಖ್ಯೆಯಿಂದ ನಮ್ಮದು ಸಿಕ್ಕಿತು. ಬೆಳಕಿಗೆ ಹಿಡಿದು ನೋಡಿದೆ. ಅಂಚಿನವರೆಗೂ ಚೊಕ್ಕವಾಗಿತ್ತು.

ಮೈಸೂರಿನಲ್ಲಿ ಇನ್ನೂ ಕತ್ತಲೆಕೋಣೆ ಇಟ್ಟುಕೊಂಡಿದ್ದ ಹಿರಿಯರೊಬ್ಬರ ಬಳಿಗೆ ಅದನ್ನು ಒಯ್ದೆ. ಅವರು ಮೊದಲು ಹಳೆಯ ಪ್ರಿಂಟನ್ನು ನೋಡಿದರು, ಆಮೇಲೆ ನೆಗೆಟಿವನ್ನು. "ಐವತ್ತರಲ್ಲಿ ಹೊಡೆದಿದ್ದಾರೆ" ಎಂದಷ್ಟೇ ಹೇಳಿ, ಬೀರುವಿನಿಂದ ಎಂಬತ್ತರ ಮಸೂರ ತೆಗೆದು ತಿರುಗಿಸಿ ಕೂಡಿಸಿದರು. ಕಂಡೆನ್ಸರನ್ನೂ ಬದಲಿಸಿದರು. ಬೆಳಕಿನ ಬುಡ್ಡೆ ಚೌಕವನ್ನು ತುಂಬದಿದ್ದರೆ ಮಸೂರ ಬದಲಿಸಿಯೂ ಫಲವಿಲ್ಲವಂತೆ. ಕೆಂಪು ಬೆಳಕಿನಲ್ಲಿ ಕಾಗದ ಟ್ರೇಗೆ ಇಳಿಯಿತು. ಮೊದಲು ಬೇವಿನ ಮರ ಬಂತು, ಆಮೇಲೆ ಫುಫು, ಆಮೇಲೆ ಟೋಪಿ, ಅದರ ಕೆಳಗೆ ಗಡ್ಡ, ಕ್ಯಾಮೆರಾದತ್ತ ನೋಡದೆ ಪಕ್ಕದ ಮಗುವನ್ನು ನೋಡುತ್ತಿದ್ದ ಎರಡು ಕಣ್ಣು. ಆ ಮಗು ನಮ್ಮ ಚಿಕ್ಕ ಚಾಚಾ.

ನಮ್ಮ ಕುಟುಂಬದ ಮಟ್ಟಿಗೆ ಕಥೆ ಇಲ್ಲಿಗೆ ಮುಗಿಯಿತು. ಆದರೆ ಊರೂರಿನ ಅಟ್ಟಗಳ ಮೇಲೆ ಇಂಥ ಪೆಟ್ಟಿಗೆಗಳಿವೆ. ಈಗ ಎನ್‌ಲಾರ್ಜರ್ ಬೇಕೆಂದೇನೂ ಇಲ್ಲ, ಸ್ಕ್ಯಾನರ್ ಸಾಕು. ಆದರೆ ಅಲ್ಲಿಯೂ ಹಳೆಯ ಎಚ್ಚರವೇ ಬೇಕು. 35 ಎಂಎಂಗೆ ಮಾತ್ರ ಹೊಂದುವ ಸ್ಕ್ಯಾನರಿನಲ್ಲಿ ಚೌಕ ನೆಗೆಟಿವ್ ಇಟ್ಟರೆ ಅಂಚಿನವರು ಮತ್ತೆ ಹೊರಗುಳಿಯುತ್ತಾರೆ. ಹಳೆಯ ನೆಗೆಟಿವ್ ಸಿಕ್ಕರೆ ಮೊದಲು ಸ್ಕೇಲು ಹಿಡಿದು ಅಳೆಯಿರಿ. ಅಂಚಿನಿಂದ ಅಂಚಿಗೆ ಪೂರ್ತಿ ಚಿತ್ರ ಬೇಕೆಂದು ಕೇಳಿ ಪಡೆಯಿರಿ. ಫೋಟೋ ಮಂಜಾಗಿದ್ದರೆ ನೆಗೆಟಿವ್ ಕೆಟ್ಟಿದೆ ಎಂಬ ಮಾತನ್ನು ನಂಬುವ ಮುನ್ನ ಅದನ್ನು ಕಣ್ಣಾರೆ ನೋಡಿ. ಮನೆಯ ಹಿರಿಯರು ಇರುವಾಗಲೇ ಎಲ್ಲರ ಹೆಸರು ಬರೆಸಿ, ತುದಿಯಲ್ಲಿ ನಿಂತವರಿಂದ ಶುರುಮಾಡಿ.

ಹೊಸ ಪ್ರಿಂಟು ನೋಡಲು ದಾದಿ ಉಳಿದಿರಲಿಲ್ಲ. ಯಳಂದೂರಿನ ಫುಫು ಇದ್ದರು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಅವತ್ತು ಅಣ್ಣ ಫೋಟೋಗೆ ಬರೋದೇ ಇಲ್ಲ ಅಂತ ಹಟ ಹಿಡಿದಿದ್ರು, ನಾನೇ ಕೈ ಹಿಡಿದು ಎಳ್ಕೊಂಡು ಬಂದು ನಿಲ್ಲಿಸಿದ್ದೆ" ಎಂದರು. ಚಿತ್ರದಲ್ಲಿ ನೋಡಿದೆ. ಫುಫುವಿನ ಕೈ ದಾದಾನ ತೋಳನ್ನು ಇನ್ನೂ ಬಿಟ್ಟಿರಲಿಲ್ಲ.